ಬಿಸಿಯಾಗುವ ಡಬ್ಬಿ

ಅಂಗಡಿಯ ಮೇಜಿನ ಮೇಲೆ ರಿಪೇರಿಯವನು ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಟಾರ್ಚ್ ಬಿಟ್ಟು ನೋಡಿದ. "ಇದನ್ನೇ ರಿಪೇರಿ ಮಾಡ್ಬಹುದು ಸರ್. ಇಲ್ಲಾಂದ್ರೆ ಹೊಸದು ತಗೊಳ್ಳಿ. ಯಾವುದಾದ್ರೂ ಸರಿ, ಇನ್ಮೇಲೆ ಹಾಡಿನ ಮಧ್ಯ ನಿಲ್ಲಲ್ಲ."

"ಹೊಸದೇ ಇರಲಿ" ಎಂದರು ಯಜಮಾನರು. "ರಿಪೇರಿನೇ ಸಾಕು" ಎಂದರು ಅವರ ಹೆಂಡತಿ. ಎರಡೂ ಮಾತು ಒಟ್ಟಿಗೇ ಬಿದ್ದವು.

"ಹಳೇದರ ಮೇಲೆ ಯಾಕೆ ಇಷ್ಟು ಮೋಹ ನಿಂಗೆ?"

"ನಿಮ್ಮನ್ನ ಇಟ್ಕೊಂಡಿಲ್ವಾ?"

ಡಬ್ಬಿ ಎಂದರೆ ಡ್ಯಾಕ್. ಫೋನಿನಲ್ಲಿರುವ ಹಾಡನ್ನು ಸ್ಪೀಕರಿಗೆ ತಿಳಿಯುವಂತೆ ಬದಲಿಸಿಕೊಡುವ ಕರಿ ಪೆಟ್ಟಿಗೆ. ಅಚ್ಚುಮನೆಯಲ್ಲಿ ದಿನವಿಡೀ ಕರಡು ತಿದ್ದಿ ಬರುವ ಯಜಮಾನರು ಸಂಜೆ ಅದರ ಮುಂದೆ ಕೂತರೆ ಮುಗಿಯಿತು, ಊರ ಮೇಲೆ ಊರು ಬಿದ್ದರೂ ಅಲುಗಾಡುವವರಲ್ಲ. ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುವ ಹೆಂಡತಿ ಏನು ಕೇಳಿದರೂ ಒಂದೇ ಉತ್ತರ, "ಹೂಂ". ಇತ್ತೀಚೆಗೆ ಡಬ್ಬಿಗೆ ಒಂದು ರೋಗ ಬಡಿದಿತ್ತು. ಸ್ವಲ್ಪ ಹೊತ್ತು ಹಾಡಿ, ಕಾದು, ನಿಂತುಬಿಡುತ್ತಿತ್ತು. ಅದು ಆರುವವರೆಗೆ ಬೇರೆ ದಾರಿಯಿಲ್ಲದೆ ಯಜಮಾನರು ಹೊಲಿಗೆ ಮೆಷಿನ್ನಿನ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. ಅಚ್ಚಿನ ತಪ್ಪುಗಳಿಂದ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಹೀಗೇ ನಗುತ್ತ ಆಕೆ ಒಮ್ಮೆ ಯಾರದೋ ಅಂಗಿಗೆ ಎರಡೂ ಕಡೆ ಎಡತೋಳನ್ನೇ ಹೊಲಿದಿದ್ದರು.

ಯಜಮಾನರು ಗಾಜಿನ ಕಪಾಟಿನಲ್ಲಿದ್ದ ಹೊಸ ಡಬ್ಬಿಗಳನ್ನು ನೋಡಲು ಅತ್ತ ಹೋದರು. ಆಕೆ ದನಿ ತಗ್ಗಿಸಿದರು.

"ನೋಡಪ್ಪ, ಹಾಡು ಚೆನ್ನಾಗಿ ಬರಲಿ. ಆದ್ರೆ ಮಧ್ಯ ನಿಲ್ಲುತ್ತಲ್ಲ, ಅದೊಂದನ್ನ ಹಾಗೇ ಬಿಡೋಕಾಗುತ್ತಾ?"

"ಅದೇ ಅಲ್ವಾ ಅಮ್ಮ ರೋಗ? ಅದನ್ನ ಬಿಟ್ಟು ನಾನೇನು ರಿಪೇರಿ ಮಾಡ್ಲಿ?"

"ಅದು ನಿಂತಾಗಲೇ ಇವರು ನನ್ನ ಹತ್ರ ಬಂದು ಕೂರೋದು" ಎಂದ ಆಕೆಗೆ, ಹೇಳಿದ ಮೇಲೆ ನಾಚಿಕೆಯಾಯಿತು. ಮೇಜಿನ ಮೇಲೆ ಚೆಲ್ಲಿದ್ದ ಸ್ಕ್ರೂಗಳನ್ನು ಸುಮ್ಮನೆ ಗುಡ್ಡೆ ಮಾಡತೊಡಗಿದರು.

ಯಜಮಾನರು ಆಗಲೇ ಆಕೆಯ ಬೆನ್ನ ಹಿಂದೆ ಬಂದು ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬಾಯಿ ಬಿಡಬೇಡ ಎಂದು ರಿಪೇರಿಯವನಿಗೆ ಕಣ್ಸನ್ನೆ ಮಾಡಿ, ಏನೂ ಅರಿಯದವರಂತೆ ಕೆಮ್ಮಿದರು. "ರಿಪೇರಿನೇ ಮಾಡಪ್ಪ. ಆದ್ರೆ ಪೂರ್ತಿ ಸರಿಹೋಗ್ಬೇಕು."

ಹೆಂಡತಿಯ ಮುಖ ಸಣ್ಣಗಾಯಿತು.

ಡಬ್ಬಿ ಗುಣವಾಗಿ ಮನೆಗೆ ಬಂದ ಸಂಜೆ ಹಾಡು ಒಂದರ ಹಿಂದೊಂದು ಸಲೀಸಾಗಿ ಹರಿಯಿತು. ಆ ರಿಪೇರಿಯವನ ಕೈಗುಣಕ್ಕೆ ಮನಸ್ಸಿನಲ್ಲೇ ಶಾಪ ಹಾಕುತ್ತ ಆಕೆ ಮೆಷಿನ್ನು ಜೋರಾಗಿ ತುಳಿಯುತ್ತಿದ್ದರು. ಇದ್ದಕ್ಕಿದ್ದಂತೆ ಹಾಡು ಅರ್ಧಕ್ಕೇ ನಿಂತಿತು. ಯಜಮಾನರು ಬಂದು ಸ್ಟೂಲು ಎಳೆದುಕೊಂಡರು.

"ಮತ್ತೆ ನಿಂತೋಯ್ತಾ?"

"ಹೂಂ ಕಣೇ. ಅದೇ ಹಳೇ ರೋಗ. ಬಿಸಿಯಾಗ್ಬಿಟ್ಟಿದೆ."

ಆಕೆ ನಂಬದೆ ಎದ್ದು ಹೋಗಿ ಡಬ್ಬಿಯ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಗೋಡೆಯ ಸ್ವಿಚ್ಚು ಆಫ್ ಆಗಿತ್ತು.

"ಹೌದ್ರೀ, ಕೈ ಸುಡುತ್ತೆ" ಎನ್ನುತ್ತ ಬಂದು ಪಕ್ಕದಲ್ಲಿ ಕೂತರು. "ಇವತ್ತು ಆರೋಕೆ ತುಂಬಾ ಹೊತ್ತು ಹಿಡಿಯುತ್ತೆ."