ಬುಗುರಿಯ ತೀರ್ಪು

"ಇದನ್ನು ಬರೆದವನಿಗೆ ನಾಚಿಕೆ ಅನ್ನುವುದು ಉಂಟಾ?"

ಕೇಳಿದವನು ಪುಂಡರೀಕಾಕ್ಷ. ತೆರೆಯ ಮೇಲೆ ನಾಲ್ಕನೆಯ ಡೆಮೊ ಓಡುತ್ತಿತ್ತು. ಬಣ್ಣದ ಬುಗುರಿಯೊಂದು ತಿರುಗುವ ದೃಶ್ಯ. ತಿರುಗುವುದೆಂದರೇನು, ಅರ್ಧ ಸುತ್ತು ಹೋಗಿ ನಿಲ್ಲುವುದು, ಉಸಿರೆಳೆದುಕೊಂಡು ಮತ್ತೆ ಅರ್ಧ ಸುತ್ತು.

ಡೊಂಬಿವಲಿ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರ ಮಾಳಿಗೆಯಲ್ಲಿ, ಹಳೆಯ ಹೋಮ್ ಕಂಪ್ಯೂಟರ್‌ಗಳ ಹುಚ್ಚು ಹಿಡಿದವರ ಬಳಗ ವರ್ಷಕ್ಕೊಮ್ಮೆ ಈ ಸ್ಪರ್ಧೆ ನಡೆಸುತ್ತದೆ. ಯಂತ್ರ, ರಬ್ಬರ್ ಕೀಲಿಗಳ ಮುದಿ ಸ್ಪೆಕ್ಟ್ರಮ್ ಕಂಪ್ಯೂಟರ್. ಡೆಮೊ ಅನ್ನುವ ಪುಟ್ಟ ಪ್ರೋಗ್ರಾಮು ಇನ್ನೂರೈವತ್ತಾರು ಬೈಟ್ ಮೀರಕೂಡದು. ಅಂದರೆ ಫೋನಿನಲ್ಲಿ ಕಳಿಸುವ ಒಂದು ಮೆಸೇಜಿನಷ್ಟು ಜಾಗದಲ್ಲಿ ಚಿತ್ರ, ಬಣ್ಣ, ಚಲನೆ ಎಲ್ಲವೂ ಮುಗಿಯಬೇಕು. ಬಳಗದ ಯಾರು ಬರೆದದ್ದನ್ನಾದರೂ ಯಾರು ಬೇಕಾದರೂ ತಂದು ಕೊಡಬಹುದು. ಹಿಂದೆ ಯಾವ ಸ್ಪರ್ಧೆಯಲ್ಲೂ ತೋರಿಸಿರಬಾರದು, ಅಷ್ಟೆ. ಡೆಮೊಗಳಿಗೆ ಬರಿಯ ಸಂಖ್ಯೆ. ಬರೆದವರ ಹೆಸರು ಹೊರಬೀಳುವುದು ತೀರ್ಪಿನ ನಂತರ.

ತೀರ್ಪು ಕೊಡುವವನು ಪುಂಡರೀಕಾಕ್ಷ. ಒಂದು ಕಾಲದಲ್ಲಿ ಕಲ್ಯಾಣದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸಿದವನು. ತಾನು ಬರೆಯುವುದನ್ನು ಬಿಟ್ಟು ಯಾವ ಕಾಲವಾಯಿತೋ, ಈಗ ಉಳಿದವರು ಬರೆದದ್ದರಲ್ಲಿ ಹುಳುಕು ಹುಡುಕುವುದೇ ಕಸುಬು. ಆ ಕಸುಬಿನಲ್ಲಿ ಅವನನ್ನು ಮೀರಿಸುವವರಿಲ್ಲ ಎಂಬುದನ್ನು ಒಪ್ಪಲೇಬೇಕು. ಈ ವರ್ಷ ಹೊಸ ನಿಯಮ ಬೇರೆ ತಂದಿದ್ದ: ಕೊನೆಯ ಸ್ಥಾನಕ್ಕೆ ಬಿದ್ದ ಡೆಮೊ ಬರೆದವನು ಬಳಗ ಬಿಟ್ಟು ಹೋಗಬೇಕು, ಮತ್ತೆ ಈ ಮಾಳಿಗೆ ಹತ್ತುವಂತಿಲ್ಲ. ತೀರ್ಪಿಗೆ ಮೊದಲು ಹೆಸರು ಬಾಯಿಬಿಟ್ಟವನಿಗೂ ಅದೇ ಗತಿ. ಅವನ ನಾಲಿಗೆಗೆ ಹೆದರಿ ಎಲ್ಲರೂ ಕೈ ಎತ್ತಿದ್ದರು.

ಬುಗುರಿ ಯಾರದ್ದೆಂದು ಅವನಿಗೆ ಆಗಲೇ ಗೊತ್ತಾಗಿತ್ತು. ಹಿಂದಿನ ಸಾಲಿನಲ್ಲಿ ಕೋಪರಖೈರಣೆಯ ಗುಣಪಾಲ ಕೂತಿದ್ದ, ಕಲ್ಯಾಣದ ಕ್ಲಾಸಿಗೆ ಸೇರಿದ ಮೊದಲ ವಿದ್ಯಾರ್ಥಿ. ಪುಂಡರೀಕಾಕ್ಷನ ಲೆಕ್ಕದಲ್ಲಿ ಮೊದಲ ದಡ್ಡನೂ ಅವನೇ. ಬುಗುರಿ ಮೂಡಿದ್ದೇ ತಡ ಆ ಮನುಷ್ಯ ಹಿಗ್ಗಿಹೋಗಿದ್ದ. ಬೈಗುಳ ಶುರುವಾದ ಮೇಲೆ ಮುಖ ಬಾಡಿತ್ತು. ಇನ್ನೆಂಥ ಸಾಕ್ಷಿ ಬೇಕು!

ಯಂತ್ರ ನೋಡಿಕೊಳ್ಳುತ್ತಿದ್ದ ಠಾಣೆಯ ಹುಡುಗಿ ಶ್ರೀವಾಣಿ ಬುಗುರಿಯ ಪ್ರೋಗ್ರಾಮಿನ ಸಾಲುಗಳನ್ನು ತೆರೆಯ ಮೇಲೆ ತಂದಳು. ಪುಂಡರೀಕಾಕ್ಷ ಎದ್ದು ಹೋಗಿ ಸಾಲುಸಾಲಾಗಿ ಬೆರಳಿಟ್ಟು ತೋರಿಸಿದ.

"ಇಲ್ಲಿ ನೋಡಿ. ಗುಣಾಕಾರ ಬೇಕಾದಲ್ಲೆಲ್ಲ ಕೂಡಿಸಿ ಕೂಡಿಸಿ ಎಳೆದಿದ್ದಾನೆ. ಒಮ್ಮೆ ಲೆಕ್ಕ ಹಾಕಿ ಇಟ್ಟುಕೊಂಡರೆ ಸಾಕು, ಈ ಉಪಾಯ ಇಂಟರ್‌ನೆಟ್ಟಿನಲ್ಲಿ ಯಾವ ಮೂಲೆ ನೋಡಿದರೂ ಉಂಟು. ಇವನು ಅದನ್ನೂ ಓದಿಲ್ಲ. ಮತ್ತೆ ಇದು, ಒಂದೇ ಕೆಲಸ ಎರಡು ಸಲ. ತಲೆಯಲ್ಲಿ ಎಂತ ಇತ್ತು, ಸೆಗಣಿಯಾ?"

ಕೆಲವರು ನಕ್ಕರು. ಗುಣಪಾಲ ನಗಲಿಲ್ಲ.

"ಸರ್, ಏಕ್ ಬಾರ್ ಫಿರ್ ಸೆ, ಇನ್ನೊಮ್ಮೆ ಓಡಿಸ್ಲಾ?" ಶ್ರೀವಾಣಿ ಕೇಳಿದಳು. "ಪ್ರೋಗ್ರಾಮ್ ಹಳೇ ಕ್ಯಾಸೆಟ್‌ನಲ್ಲಿ ಉಂಟಲ್ವಾ, ಲೋಡ್ ಆಗ್ಲಿಕ್ಕೆ ಟೈಮ್ ಆಗ್ತದೆ, ಆದ್ರೂ..."

"ಬೇಡ. ಉಳಿದವರೆಲ್ಲ ಮೆಮರಿ ಕಾರ್ಡಿನಲ್ಲಿ ತಂದಿದ್ದಾರೆ. ಇವನೊಬ್ಬನಿಗೆ ಶೋಕಿ."

ಚಹಾಕ್ಕೆ ಬಿಟ್ಟಾಗ ಗುಣಪಾಲ ಮೆಲ್ಲನೆ ಹತ್ತಿರ ಬಂದ.

"ಪುಂಡರೀಕಣ್ಣ, ಆ ಬುಗುರಿಯನ್ನು ಕೊನೆಗೆ ಹಾಕ್ಬೇಡಿ. ಬರೆದವರ ಮರ್ಯಾದೆ ಹೋಗ್ತದೆ."

"ಹೋಗಲಿ. ನಿನಗೆ ಎಂತ ಸಂಕಟ?"

"ಬರೆದವರು ನನಗೆ ಬೇಕಾದವರು."

ಪುಂಡರೀಕಾಕ್ಷ ಬಾಯಿತುಂಬ ನಕ್ಕ. "ತನಗೆ ತಾನು ಬೇಡವಾದವರು ಯಾರಿದ್ದಾರೆ ಮಾರಾಯ!"

"ಅದು ನನಗೆ ಚಂದ ಕಾಣ್ತದೆ. ಈಗಲೂ ಚಂದವೇ ಕಾಣ್ತದೆ." ಗುಣಪಾಲ ಇನ್ನಷ್ಟು ಹತ್ತಿರ ಸರಿದ. "ಶಿಕ್ಷೆ ಆದ್ರೆ ಆಗ್ಲಿ, ಹೆಸರು ಹೇಳಿಬಿಡ್ಲಾ?"

"ಬಾಯಿ ಮುಚ್ಚಿಕೊಂಡು ಚಾ ಕುಡಿ."

ಗುಣಪಾಲ ಲೋಟ ಎತ್ತಿಕೊಂಡ. ಇಷ್ಟು ವರ್ಷ ಈ ಗೋಗರೆಯುವ ಮುಖವನ್ನು ಸಹಿಸಿದ್ದೇ ಹೆಚ್ಚಾಯಿತೆಂದು ಪುಂಡರೀಕಾಕ್ಷನಿಗೆ ಅನ್ನಿಸಿತು. ಭಾನುವಾರ ಬಂತೆಂದರೆ ಟ್ರೇನ್ ಹಿಡಿದು ಬಂದು ಪಕ್ಕದಲ್ಲಿ ಕೂರುವುದು, ಹೇಳಿದ್ದಕ್ಕೆಲ್ಲ ಹೌದು ಅನ್ನುವುದು. ಒಂದು ಪ್ರತಿಭೆ ಬೇಡವೇ ಮನುಷ್ಯನಿಗೆ?

ತೀರ್ಪು ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೊದಲ ಸ್ಥಾನ ಎರಡನೆಯ ಡೆಮೊಗೆ, ಕೊಳದ ನೀರಿನ ಅಲೆಗಳು ಮೂಡಿ ಹರಡುವ ಡೆಮೊ ಅದು. ಅದರಲ್ಲಿ ಒಂದು ಬೈಟನ್ನೂ ಅಲ್ಲಾಡಿಸುವಂತಿರಲಿಲ್ಲ. ಹುಳುಕು ಸಿಗದೆ ಅವನಿಗೆ ಹೊಟ್ಟೆಯುರಿದಿತ್ತು. ಯಾರೋ ಹೊಸಬರ ಕೆಲಸವಿರಬೇಕು, ಗುಣಪಾಲನಂಥವನಿಗೆ ಏಳು ಜನ್ಮ ಎತ್ತಿದರೂ ಬರುವಂಥದ್ದಲ್ಲ. ಕೊನೆಯ ಸ್ಥಾನ ಬುಗುರಿಗೆ.

ಫಲಿತಾಂಶವನ್ನು ಕೆಳಗಿನಿಂದ ಮೇಲಕ್ಕೆ ಓದುವುದು ವಾಡಿಕೆ. ಪುಂಡರೀಕಾಕ್ಷ ಅದನ್ನೂ ತಿರುಗಿಸಿದ.

"ಗೆದ್ದವನ ಹೆಸರು ಮೊದಲು ಓದು ಶ್ರೀವಾಣಿ. ಚಪ್ಪಾಳೆ ಕೇಳಿಸಿಕೊಂಡೇ ಹೋಗಲಿ ಸೋತವನು."

ಶ್ರೀವಾಣಿ ಕಂಪ್ಯೂಟರ್ ನೋಡಿ ಓದಿದಳು. "ಎರಡನೆಯ ಡೆಮೊ, ನೀರು. ಬರೆದವರು ಗುಣಪಾಲ, ಕೋಪರಖೈರಣೆ."

ಚಪ್ಪಾಳೆ ಜೋರಾಗಿಯೇ ಬಿತ್ತು. ಪುಂಡರೀಕಾಕ್ಷ ಹಿಂದಿನ ಸಾಲಿನತ್ತ ತಿರುಗಿದ. ಗುಣಪಾಲ ಏಳಲೇ ಇಲ್ಲ, ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ.

"ಹಾಗಾದರೆ ಬುಗುರಿ?" ಪುಂಡರೀಕಾಕ್ಷ ಅಬ್ಬರಿಸಿದ. ಸಿಟ್ಟು ಎಲ್ಲಾದರೂ ಇಳಿಯಲೇಬೇಕಿತ್ತು. "ಆ ದರಿದ್ರ ಬುಗುರಿ ಯಾರದ್ದು?"

"ತಂದದ್ದು ಗುಣಪಾಲಣ್ಣನೇ ಸರ್. ಬರೆದದ್ದು ಬೇರೆಯವರು." ಶ್ರೀವಾಣಿ ತೆರೆಯಿಂದ ಕಣ್ಣು ಕೀಳಲಿಲ್ಲ. "ರಹನೇ ದೋ ಸರ್. ಓದುವುದು ಬೇಡ."

"ಓದು! ನಿಯಮ ಅಂದರೆ ನಿಯಮ. ಯಾರೇ ಆಗಲಿ, ಈಗಿಂದೀಗ ಎದ್ದು ಮೆಟ್ಟಿಲು ಇಳಿಯಬೇಕು."

"ನಾಲ್ಕನೆಯ ಡೆಮೊ, ಬುಗುರಿ. ಕಲ್ಯಾಣದ ಕ್ಲಾಸಿನಲ್ಲಿ ಮೊದಲ ವಿದ್ಯಾರ್ಥಿಗೆ ತೋರಿಸಲಿಕ್ಕೆ ಬರೆದವರು, ಪುಂಡರೀಕಾಕ್ಷ."