ಹೊಸತೊಡಕಿನ ಸಾರು

ಯುಗಾದಿಯ ಮರುದಿನ, ಹೊಸತೊಡಕು. ಬಾಡು ಬೇಯಿಸಿದರೆ ಅಂದೇ ಮನೆ ಖಾಲಿ ಮಾಡಬೇಕೆಂದು ಕರಾರು ಹಾಕಿ ಕೊಟ್ಟ ಬಾಡಿಗೆ ಮನೆಯಲ್ಲಿ ಚಿಕ್ಕತಾಯಿ ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ, ಬಾಡಿನ ಸಾರು ಕುದಿಸುತ್ತಿದ್ದಳು. ತಗಡಿನ ಡಬ್ಬದಲ್ಲಿ ತಾನೇ ಬೆಳೆಸಿದ ಪುದೀನ ಚಿವುಟಿ ಹಾಕಿದ್ದೇ ತಡ, ಒಲೆಯ ಪಕ್ಕ ಕೂತಿದ್ದ ಅವಳ ಅತ್ತೆಯ ಮುಖವೂ ಚಿಗುರಿತು.

"ಹಬ್ಬ ಅಂದ್ರೆ ಇದು ಕಣವ್ವ!"

ಬಾಗಿಲು ಬಡಿದ ಸದ್ದಾಯಿತು. ತೆಗೆದರೆ, ಮನೆಯ ಓನರಮ್ಮ.

"ಏನಮ್ಮ ಇಷ್ಟು ಘಮಘಮ?"

"ಹಲಸಿನಕಾಯಿ ಹುಳಿ, ಅಮ್ಮಾವ್ರೇ," ಎಂದಳು ಚಿಕ್ಕತಾಯಿ.

"ನಂಗೇನು ಮೂಗಿಲ್ವಾ?"

"ತಪ್ಪಾಯ್ತು ಕಣವ್ವ, ಮನೆ ಬಿಡಿಸ್ಬೇಡಿ," ಎಂದು ಅತ್ತೆ ಕೈಮುಗಿದಳು.

ಓನರಮ್ಮ ಒಳಗೆ ಬಂದು ಅಗುಳಿ ಹಾಕಿದರು. ಸೆರಗಿನಡಿಯಿಂದ ತಮ್ಮ ಹಿತ್ತಲಿನ ಬಾಳೆಲೆ ತೆಗೆದು ನೆಲಕ್ಕೆ ಹಾಸಿ, ಚಕ್ಕಳಮಕ್ಕಳ ಹಾಕಿ ಕೂತರು.

"ಎರಡು ಚೂರು ಬಡಿಸು. ನಿಮ್ಮ ತಟ್ಟೆ ಬೇಡಮ್ಮ, ಮೈಲಿಗೆಯಾಗತ್ತೆ."