ಕರೆಂಟು ಬಂದ ಕಿಟಕಿ

ಹಳೆಯ ಗ್ರೀಸಿನ ವಾಸನೆ ಬಂದರೆ ಈಗಲೂ ನಂಜನಗೂಡಿನ ರಸ್ತೆಬದಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಅಜ್ಜಿಯನ್ನು ನಮ್ಮ ಹಳೇ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಗಡೂರಿಗೆ ಹೊರಟಿದ್ದೆವು. ತಲೆ ನನ್ನ ತೊಡೆಯ ಮೇಲಿತ್ತು. ಪಕ್ಕದ ಕಿಟಕಿಯ ಗಾಜು ಇಳಿದದ್ದು ಮೇಲೇರಲೇ ಇಲ್ಲ. ಗಾಳಿಗೆ ಅಜ್ಜಿ ನಡುಗುತ್ತಿದ್ದಳು.

ಅಪ್ಪ ಕಾರು ನಿಲ್ಲಿಸಿ, ಅಮ್ಮನಿಗೆ ಸ್ವಿಚ್ ಒತ್ತಲು ಹೇಳಿ, ಬಾಗಿಲಿಗೆ ಕಿವಿಯಿಟ್ಟ. ಒಳಗೆ ಮೋಟಾರು ಗುಂಯ್‌ಗುಟ್ಟಿತು, ಗಾಜು ಅಲುಗಲಿಲ್ಲ.

"ಮೋಟ್ರು ತಿರುಗ್ತಾದೆ. ಗಾಜ ಎಳಿಯೋ ಕೇಬಲ್ಲು ಕಿತ್ತೋಗದೆ. ಈ ಪವರ್ ವಿಂಡೋ ಸಾವಾಸವೇ ಸಾಕು," ಎನ್ನುತ್ತ ಬಾಗಿಲಿನ ರಟ್ಟು ಬಿಚ್ಚಿದ. ಆಸ್ಪತ್ರೆಯಲ್ಲಿ ನಿದ್ದೆಗೆಟ್ಟ ಕಣ್ಣು ಉಜ್ಜಿಕೊಂಡಾಗ ಗ್ರೀಸು ಹಣೆಗೂ ಹತ್ತಿತು.

ಅಜ್ಜಿ ಕಣ್ಣು ತೆರೆದಳು. ಪವರ್ ಎಂದರೆ ಅವಳಿಗೆ ಗೊತ್ತಿದ್ದದ್ದು, ಊರಲ್ಲಿ ದಿನವೂ ಹೋಗುವ ಕರೆಂಟು.

"ಕರೆಂಟ್ ಓಯ್ತಾ ಮಗಾ? ಬರ್ಲಿ ಬುಡು, ಕಾಯನ."

ಅಪ್ಪ ಗಾಜನ್ನು ಎರಡೂ ಅಂಗೈಯಿಂದ ಒತ್ತಿ ಮೇಲೇರಿಸಿದ. ಜಾರದಂತೆ ತನ್ನ ಹವಾಯಿ ಚಪ್ಪಲಿಯನ್ನೇ ಕೊಯ್ದು, ಅದರ ತುಂಡನ್ನು ಸಂದಿಗೆ ಸಿಕ್ಕಿಸಿದ. ಗಾಳಿ ನಿಂತಿತು.

"ಬಂತಾ?" ಎಂದಳು ಅಜ್ಜಿ.

"ಬಂತು ಕಣವ್ವ," ಎಂದ ಅಪ್ಪ, ಬರಿಗಾಲಲ್ಲಿ ಕ್ಲಚ್ ಒತ್ತುತ್ತ. "ಇನ್ನು ಓಗಕಿಲ್ಲ."